ಕತ್ತಿಬಾಲದ ಹೆಣ್ಣುಗಳು

ಹಿತ್ತಲಿನಲ್ಲಿ ನೀರು ಚೆಲ್ಲುವ ಸದ್ದು ಕೇಳಿದಾಗ ಅಂಜಿನಮ್ಮ ನಡುಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಗಂಡ ವೆಂಕಟಸ್ವಾಮಿಯ ಹೆಣ ಎತ್ತಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ತಮಟೆಯ ಸದ್ದು ರೈಲ್ವೆ ಗೇಟಿನ ಆಚೆ ಹೋಗಿ ಸಣ್ಣದಾಗುತ್ತಿತ್ತು. ಇಬ್ಬರು ಹೆಂಗಸರು ಅವಳ ಎರಡು ತೋಳುಗಳನ್ನೂ ಹಿಡಿದುಕೊಂಡಿದ್ದರು. ಅವಳೇನೂ ಎದ್ದು ಓಡುವವಳಲ್ಲ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರೇ ಇರಲಿಲ್ಲ.

ಮೊದಲು ಅಡಿಗೆಮನೆಯ ಕೊಡಗಳು ಖಾಲಿಯಾದವು. ಆಮೇಲೆ ಬಚ್ಚಲಿನ ಹಂಡೆ. ಸಾವಾದ ಮನೆಯಲ್ಲಿ ನಿಂತ ನೀರು ಉಳಿಯಬಾರದು. ಹೆಣ ಹೊಸ್ತಿಲು ದಾಟಿದ ಕೂಡಲೇ ಅಕ್ಕಪಕ್ಕದವರು ಬಂದು ಇದ್ದಬದ್ದ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತೊಳೆದು, ಬಾವಿಯಿಂದ ಹೊಸ ನೀರು ಸೇದಿ ತುಂಬಿಟ್ಟು ಹೋಗುತ್ತಾರೆ. ಯಶವಂತಪುರದ ಸ್ಟೇಷನ್ನಿನ ಹಿಂದಿನ ಆ ಹಟ್ಟಿಯಲ್ಲಿ ಇದು ಮೊದಲಿನಿಂದಲೂ ನಡೆದುಬಂದದ್ದು. ಮನೆಯವರು ಅದಕ್ಕೆ ಕೈ ಹಚ್ಚುವಂತಿಲ್ಲ. ಪಕ್ಕದ ಮನೆಯ ನಾರಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರನ್ನೂ ಕೆಲಸಕ್ಕೆ ಹಚ್ಚಿದ್ದಳು.

"ಒಂದ್ ತೊಟ್ಟೂ ಬಿಡಬ್ಯಾಡ್ರಿ. ಇತ್ಲಲ್ಲಿ ಕಲ್ತೊಟ್ಟಿಗಳವೆ, ಅವುರ್ದೂ ಬೆಣೆ ಕಿತ್ತಾಕ್ರಿ."

ಅದರಲ್ಲಿ ಮೀನುಗಳಿವೆಯಲ್ಲ ಎಂದು ಯಾರೋ ಹುಡುಗಿ ಕೇಳಿದಳು.

"ಅಯ್ಯೋ, ಸಾಯಿಸಿಬುಟ್ಟೇನಾ? ವೆಂಕಟಸ್ವಾಮಿ ಮಕ್ಕಳಂಗೆ ಸಾಕಿರಾ ಮೀನು. ಅಂಡೆಗೆ ಒಸ ನೀರ್ ಉಯ್ದು ಅದ್ರಾಗೆ ಬಿಡ್ರಿ. ತೊಟ್ಟಿ ಉಜ್ಜಿ ತುಂಬ್ಸಿದ್ ಮ್ಯಾಲೆ ಮತ್ತೆ ಬಿಡಾನ."

ಅಂಜಿನಮ್ಮನಿಗೆ ಕಾಣುತ್ತಿದ್ದದ್ದು ಹಿತ್ತಲ ಬಾಗಿಲ ಸಂದಿಯ ಒಂದು ಸೀಳು ಬೆಳಕು ಮಾತ್ರ. ಆದರೆ ಕಿವಿಗೆ ಎಲ್ಲವೂ ತಿಳಿಯುತ್ತಿತ್ತು. ಬೆಣೆ ಕಿತ್ತಾಗ ಮೊದಲನೆಯ ತೊಟ್ಟಿಯ ನೀರು ಗಳಗಳನೆ ಬಾಳೆಯ ಬುಡಕ್ಕೆ ಹರಿದದ್ದು, ಉಳಿದ ನೀರಿನಲ್ಲಿ ಒದ್ದಾಡುವ ಮೀನುಗಳನ್ನು ಚೊಂಬಿನಿಂದ ಬಾಚಿದ್ದು, ಬಾಚಿದ್ದನ್ನು ಹಂಡೆಗೆ ಸುರಿದದ್ದು. ಆಮೇಲೆ ಎರಡನೆಯ ತೊಟ್ಟಿ. ಅದೇ ಚೊಂಬು, ಅದೇ ಹಂಡೆ.

ಅವಳ ತುಟಿ ಅಲುಗಿತು. ಬಲಗಡೆ ಕುಳಿತಿದ್ದವಳು ಅದನ್ನು ಕಂಡು, ಅಳು ತಡೆದುಕೊಳ್ಳಬೇಡ, ಅತ್ತುಬಿಡು ಎಂದು ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು. ಗಂಡನ ಹೆಣ ಇನ್ನೂ ದಾರಿಯಲ್ಲಿದೆ. ಈ ಹೊತ್ತಿನಲ್ಲಿ ಮೀನಿನ ಮಾತು ಎತ್ತಿದರೆ ಊರು ಏನೆಂದೀತು? ತೆರೆದ ಬಾಯನ್ನು ಅಂಜಿನಮ್ಮ ಹಾಗೆಯೇ ಮುಚ್ಚಿದಳು.

ಆ ಎರಡು ತೊಟ್ಟಿಗಳ ಮೀನು ಒಂದಕ್ಕೊಂದು ಸೇರದಂತೆ ನೋಡಿಕೊಳ್ಳುವುದೇ ಆ ಮನೆಯಲ್ಲಿ ಇಷ್ಟು ವರ್ಷ ನಡೆದ ಕೆಲಸವಾಗಿತ್ತು.

ಅವಳ ಮಾವ ಪಿಳ್ಳಪ್ಪ ಹಿಂದೆ ಹೆಬ್ಬಾಳದ ಕಡೆ ಒಬ್ಬ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದವನು. ಸ್ವಾತಂತ್ರ್ಯ ಬಂದ ವರ್ಷ ದೊರೆ ಸೀಮೆಗೆ ಹೊರಟು ನಿಂತಾಗ ಮೇಜು ಕುರ್ಚಿಗಳನ್ನೆಲ್ಲ ಹರಾಜು ಹಾಕಿಸಿ, ಯಾರೂ ಕೇಳದ ಬಣ್ಣದ ಮೀನುಗಳನ್ನು ಮಾಲಿಗೆ ಕೊಟ್ಟಿದ್ದ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಎರಡು ಜಾತಿ. ಒಂದರ ಗಂಡಿಗೆ ಬಾಲದ ಕೆಳತುದಿಯಿಂದ ಕತ್ತಿಯಂಥ ಕುಡಿ ಬೆಳೆಯುತ್ತದೆ. ಅದನ್ನು ಕತ್ತಿಬಾಲ ಎಂದು ಕರೆದರು. ಇನ್ನೊಂದು ಮೋಟು, ದುಂಡು, ಬಾಲದ ಬುಡದಲ್ಲಿ ಕರಿಯ ಚಂದ್ರನ ಗುರುತು, ಅದು ಚಂದ್ರಮೀನು. ಎರಡೂ ಕೆಂಪು. ಹೆಣ್ಣುಗಳಿಗಂತೂ ಕತ್ತಿಯೂ ಇಲ್ಲ. ಒಟ್ಟಿಗೆ ಬಿಟ್ಟರೆ ಗೊತ್ತಿಲ್ಲದವರು ಒಂದೇ ತಾಯಿಯ ಮಕ್ಕಳೆನ್ನಬೇಕು. ಮೀನುಗಳಿಗೂ ಆ ಭೇದ ತಿಳಿಯದು, ಎದುರು ಬಂದ ಗಂಡಿನೊಂದಿಗೆ ಸೇರಿಬಿಡುತ್ತವೆ. ಒಮ್ಮೆ ಸೇರಿದರೆ ಸಾಕು, ಹೆಣ್ಣು ಆ ಬೀಜವನ್ನು ಒಳಗೇ ಇಟ್ಟುಕೊಂಡು ತಿಂಗಳುಗಟ್ಟಲೆ ಸೂಲಿನ ಮೇಲೆ ಸೂಲು ಹಾಕುತ್ತಲೇ ಇರುತ್ತದೆ.

ವೆಂಕಟಸ್ವಾಮಿ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತು ಬಂದು, ಮಿಕ್ಕ ಹೊತ್ತನ್ನೆಲ್ಲ ಈ ಮೀನುಗಳಿಗೆ ಕೊಡುತ್ತಿದ್ದ. ಕತ್ತಿಬಾಲದಲ್ಲಿ ಒಂದು ಕರಿ ಚುಕ್ಕೆಯೂ ಇಲ್ಲದ್ದನ್ನು ಆರಿಸಿ ಆರಿಸಿ, ದಾಸವಾಳದ ಕೆಂಪಿನ ಒಂದು ತಳಿ ಮಾಡಿದ್ದ. ಅದರ ಗಂಡುಗಳು ದಂಡಿನ ಮಾರ್ಕೆಟ್ಟಿನ ಹತ್ತಿರದ ಜಹೀರನ ಮೀನಂಗಡಿಗೆ ಹೋಗುತ್ತಿದ್ದವು. ಹೆಣ್ಣನ್ನು ಮಾತ್ರ ಅವನು ಯಾರಿಗೂ ಕೊಟ್ಟವನಲ್ಲ. ಹೆಣ್ಣು ಕೊಟ್ಟರೆ ತಳಿಯನ್ನೇ ಕೊಟ್ಟಂತೆ. ಒಂದೊಂದು ತೊಟ್ಟಿಗೆ ಬೇರೆ ಬಲೆ, ಬೇರೆ ಚೊಂಬು. ಬಲೆಗೆ ಅಂಟಿಕೊಂಡ ಕೂದಲೆಳೆಯಂಥ ಮರಿಯೊಂದು ಆಚೆಯ ತೊಟ್ಟಿಗೆ ಬಿದ್ದರೂ ಆಯಿತು. ಇದರಿಂದ ಕೈ ತೆಗೆದು ಅದಕ್ಕೆ ಹಾಕುವ ಮುಂಚೆ ಅವನು ಕೈ ತೊಳೆದು ಪಂಚೆಗೆ ಒರೆಸಿಕೊಳ್ಳುವುದನ್ನು ನೋಡಿ ತಾಯಿ ಬೈರಮ್ಮ, "ಇವ್ನ ಮಡಿ ನಮ್ಮೂರ ಜೋಯಿಸರ ಮನೇಲೂ ಕಾಣೆ. ಉಣ್ಣಾಕ್ ಕುಂತಾಗ ಕೈ ತೊಳಿಯೋ ಅಂದ್ರೆ ಮರ್ತೋಗ್ತದೆ," ಎಂದು ಹಾಸ್ಯ ಮಾಡುತ್ತಿದ್ದಳು.

ಮರಿಗಳಲ್ಲಿ ಗಂಡು ಬಲಿಯುವ ಮುಂಚೆ ಹೆಣ್ಣುಗಳನ್ನು ಬೇರೆ ಮಾಡಬೇಕು. ಗಂಡಿನ ಹೊಟ್ಟೆಯಡಿಯ ರೆಕ್ಕೆ ಮುದುಡಿ ಕಡ್ಡಿಯಂತಾಗುತ್ತದೆ. ಅದು ಕಡ್ಡಿಯಾದ ಮೇಲೆ ನೋಡಿದರೆ ತಡವಾಯಿತು. ಪಿಳ್ಳಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಈ ಆರಿಸುವ ಕೆಲಸ ಅಂಜಿನಮ್ಮನ ಪಾಲಿಗೆ ಬಂದಿತ್ತು. ಅಬ್ಬಿಗೆರೆಯಲ್ಲಿ ಅಣ್ಣನ ಮಕ್ಕಳನ್ನು ಎತ್ತಿಕೊಳ್ಳಲು ಆಳು ಬೇಕೆಂದು ಅವಳನ್ನು ಮೂರನೇ ಕ್ಲಾಸಿಗೇ ಇಸ್ಕೂಲು ಬಿಡಿಸಿದ್ದರು. ಆ ಮನೆಯಲ್ಲಿ ಅವಳು ಒಂದು ಮಗು ಇಳಿಸಿದರೆ ಇನ್ನೊಂದನ್ನು ಎತ್ತಬೇಕಿತ್ತು. ಅತ್ತಿಗೆಯ ಮುಖ ನೋಡಿಯೇ ಆ ದಿನದ ಹವಾ ತಿಳಿಯಬೇಕಿತ್ತು. ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ರೆಕ್ಕೆ ಇನ್ನೂ ಬೀಸಣಿಗೆಯಂತೆ ಇರುವಾಗಲೇ ಇದು ಗಂಡು ಎಂದು ಬೆರಳು ತೋರಿಸುತ್ತಿದ್ದಳು. ತಪ್ಪುತ್ತಿರಲಿಲ್ಲ. ವೆಂಕಟಸ್ವಾಮಿ ಹೊಗಳುವ ಆಸಾಮಿಯಲ್ಲ. ಆದರೆ ಒಂದು ದಿನ ಬಲೆಯನ್ನು ಅವಳ ಕೈಗೇ ಕೊಟ್ಟು, ತಾನು ಆಚೆ ಹೋಗಿ ಬೀಡಿ ಹಚ್ಚಿದ್ದ.

ಆ ಹಿತ್ತಲು ಬಿಟ್ಟರೆ ತನ್ನದೆನ್ನುವ ಕೆಲಸ ಅವಳಿಗೆ ಇನ್ನೆಲ್ಲೂ ಇರಲಿಲ್ಲ.

ಭಾದ್ರಪದದ ಮಳೆಯಲ್ಲಿ ವೆಂಕಟಸ್ವಾಮಿಗೆ ಕಾಮಾಲೆ ಬಂತು. ನಾಟಿ ಔಷಧಿ ಕುಡಿದ, ಆಸ್ಪತ್ರೆಗೂ ಹೋಗಿಬಂದ. ಕಣ್ಣು ಅರಿಸಿನದಂತಾಗಿ, ಮಾತು ತೊದಲಿ, ಹೋಗಿಬಿಟ್ಟ.

ಸೂತಕ ಕಳೆಯುವ ತನಕ ಅಂಜಿನಮ್ಮ ಮೂಲೆ ಬಿಟ್ಟು ಏಳುವಂತಿರಲಿಲ್ಲ. ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದಳು. ತೊಟ್ಟಿಗಳು ಪಾಚಿಯ ಸುಳಿವೇ ಇಲ್ಲದೆ ಹೊಳೆಯುತ್ತಿದ್ದವು. ನಾರಾಯಣಮ್ಮ ತೆಂಗಿನ ನಾರು ಹಾಕಿ ಉಜ್ಜಿಸಿದ್ದಳು. ಮೀನುಗಳನ್ನೂ ಅವಳು ಮನಸ್ಸಿಟ್ಟೇ ಆರಿಸಿದ್ದಳು: ಗಾಢ ಕೆಂಪಿನವು ಒಂದರಲ್ಲಿ, ತೆಳು ಕೆಂಪಿನವು ಇನ್ನೊಂದರಲ್ಲಿ. ಗಾಢ ಕೆಂಪಿನ ತೊಟ್ಟಿಯಲ್ಲಿ ಚಂದ್ರಮೀನಿನ ಗಂಡೊಂದು, ಗಂಡಿನ ನೆರಳನ್ನೇ ಕಾಣದಂತೆ ಬೆಳೆಸಿದ್ದ ಕತ್ತಿಬಾಲದ ಹೆಣ್ಣುಗಳ ಹಿಂದೆ ಸುತ್ತುತ್ತಿತ್ತು. ಪೆಟ್ಟಿಗೆಯಲ್ಲಿ ಬೇರೆ ಇಟ್ಟಿದ್ದ ಸಣ್ಣ ಮರಿಗಳು ಒಂದೂ ಇರಲಿಲ್ಲ. ಹಂಡೆಯಲ್ಲೇ ದೊಡ್ಡವು ಅವನ್ನು ತಿಂದು ಮುಗಿಸಿದ್ದವು.

ಅವಳ ಅಣ್ಣ ಮುನಿಶಾಮಿ ತಿಥಿಗೆ ಬಂದವನು ಅಲ್ಲೇ ಉಳಿದಿದ್ದ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಇಲ್ಲಿ ಇನ್ನೇನಿದೆ ಎಂದು ಜಗಲಿಯಲ್ಲಿ ಮಾತು ತೆಗೆದ. ಮನೆಯಲ್ಲಿ ಹೆಂಡತಿ ಮತ್ತೆ ಬಸುರಿ ಎಂಬುದನ್ನೂ ಸೇರಿಸಿದ. ಬೈರಮ್ಮ ಬೇಡವೆನ್ನಲಿಲ್ಲ. ಅವಳಿಗೆ ಸೊಸೆಯ ಮೇಲೆ ಸಿಟ್ಟಿರಲಿಲ್ಲ. ಆದರೆ ಮಗನಿಲ್ಲದ ಮನೆಯಲ್ಲಿ ಅವನ ಹೆಂಡತಿಯ ಮುಖ ದಿನವೂ ನೋಡುವುದು ಅವಳಿಗೆ ಕಷ್ಟವಾಗಿತ್ತು. ಪಿಳ್ಳಪ್ಪನೇ ಬೇಡವೆಂದ.

"ಅವ್ಳು ಓದ್ರೆ ಮೀನ್ ನೋಡ್ಕಳೋರ್ ಯಾರಪ್ಪ? ನಂಗ್ ಕಣ್ಣಿಲ್ಲ. ಜಹೀರು ಮಾಗಿ ಕಳೀಲಿ, ಗಂಡೆಣ್ಣು ಜೋಡಿನೇ ತಗತೀನಿ ಅಂತ ಏಳ್ಕಳ್ಸವ್ನೆ. ಮಗ ಎಣ್ಣು ಕೊಡ್ತಿರ್ನಿಲ್ಲ, ಈಗ ಕೊಡ್ದೆ ವಿಧಿಯಿಲ್ಲ. ತಳಿ ಇರಾಗಂಟ ನನ್ ಸೊಸೆ ಇಲ್ಲಿರ್ತಾಳೆ." ಆಮೇಲೆ ಹಿತ್ತಲ ಬಾಗಿಲ ಕಡೆಗೆ ಮುಖ ತಿರುಗಿಸಿ ಕೇಳಿದ: "ಮೀನ್ ಎಲ್ಲ ಸರ್ಯಾಗವಾ, ಅಂಜಿನಿ?"

ಅಂಜಿನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈ ಇನ್ನೂ ಒದ್ದೆಯಾಗಿತ್ತು.

"ಅವೆ, ಮಾವ."

ಹೀಗೆಂದದ್ದು ಪೂರ್ತಿ ಸುಳ್ಳೂ ಅಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೆಣ್ಣುಗಳಲ್ಲಿ ಕೆಲವನ್ನು ವೆಂಕಟಸ್ವಾಮಿ ಕಾಯಿಲೆ ಬೀಳುವ ಮುಂಚೆ ತಾನೇ ಆರಿಸಿದ ಗಂಡಿಗೆ ಬಿಟ್ಟಿದ್ದ. ಅವುಗಳ ಹೊಟ್ಟೆಯಲ್ಲಿ ಆ ಬೀಜ ಇನ್ನೂ ಇದ್ದಿರಬಹುದು. ಹಂಡೆಯೊಳಗೆ ಅವನ್ನು ಯಾವ ಗಂಡೂ ಮುಟ್ಟದೆಯೂ ಇದ್ದಿರಬಹುದು. ಮರಿ ಹಾಕಿ, ಅವು ಬೆಳೆದು ಬಣ್ಣ ಕಟ್ಟುವ ತನಕ ತಿಳಿಯುವಂತಿಲ್ಲ. ಅವಳು ಒಂದೊಂದು ತಾಯಿಯನ್ನೂ ಬೇರೆ ಮಾಡಿ, ರೈಲ್ವೆಯವರು ಬಿಸಾಡಿದ ಗಾಜಿನ ಬ್ಯಾಟರಿ ಪೆಟ್ಟಿಗೆಗಳಲ್ಲಿ, ಉಪ್ಪಿನಕಾಯಿ ಜಾಡಿಗಳಲ್ಲಿ, ಒಡೆದ ಗುಡಾಣದ ಬುಡದಲ್ಲಿ ಇಟ್ಟಳು. ಅವು ಮರಿ ಹಾಕಿದಂತೆ ತಾಯಿಯನ್ನು ತೆಗೆದು, ಹುರಿಗಡಲೆಯ ಹಿಟ್ಟು, ಅರೆದ ಎರೆಹುಳ ಹಾಕಿ ಮರಿಗಳನ್ನು ಬೆಳೆಸಿದಳು.

ಬೆರಕೆಯಾದರೆ ಏನಾಗುತ್ತದೆಂದು ಅವಳು ಕಂಡಿದ್ದಳು. ಮದುವೆಯಾದ ವರ್ಷ ಒಂದು ರಾತ್ರಿಯ ಮಳೆಗೆ ತೊಟ್ಟಿಗಳು ಕಟ್ಟೆಯ ಮಟ್ಟ ತುಂಬಿ, ಚಂದ್ರಮೀನಿನ ಗಂಡೊಂದು ಈಚೆ ನೆಗೆದಿತ್ತು. ಅದರಿಂದ ಹುಟ್ಟಿದ ಮರಿಗಳು ನೋಡಲು ಬಲು ಚೆಂದ. ತಾಯಿತಂದೆಗಳಿಗಿಂತ ದೊಡ್ಡವು, ಚುರುಕು. ವೆಂಕಟಸ್ವಾಮಿಗೂ ಆಗ ಆಸೆಯಾಗಿ ಅವುಗಳ ಹೆಣ್ಣನ್ನು ಕತ್ತಿಬಾಲದ ಗಂಡಿಗೆ ಬಿಟ್ಟ. ಎರಡನೆಯ ಪೀಳಿಗೆಯಲ್ಲಿ ಬಾಲದ ಬುಡದ ಕಪ್ಪು ದಿನದಿನಕ್ಕೆ ಹರಡತೊಡಗಿತು. ಚುಕ್ಕೆ ಗಂಟಾಯಿತು, ಗಂಟು ಹುಣ್ಣಾಯಿತು, ಬಾಲ ಕೊಳೆತು ಉದುರಿತು. ಬಾಲವಿಲ್ಲದೆಯೂ ಅವು ಕೆಲವು ದಿನ ಈಜಲು ನೋಡುತ್ತಿದ್ದವು. ಅವನು ಒಂದನ್ನು ಅಂಗೈಯಲ್ಲಿ ಹಿಡಿದು ಅವಳಿಗೆ ತೋರಿಸಿ, "ಇದು ನೀರಿಂದ ಬಂದಿದ್ದಲ್ಲ. ಒಳಗಿಂದ್ಲೇ ಬರ್ತದೆ. ನಾವ್ ಏನ್ ಮಾಡಿದ್ರೂ ಓಗಲ್ಲ," ಎಂದಿದ್ದ. ಅದಾದ ಮೇಲೆ ತೊಟ್ಟಿಗಳಿಗೆ ಹಲಗೆ ಮುಚ್ಚುವುದು ಮೊದಲಾಯಿತು. ಬೆರಕೆಯವನ್ನು ಅವನು ಕೆರೆಗೆ ಬಿಡಲಿಲ್ಲ, ಯಾರಿಗೂ ಕೊಡಲೂ ಇಲ್ಲ.

ಕಾರ್ತಿಕದ ಹೊತ್ತಿಗೆ ಮೊದಲನೆಯ ಜಾಡಿಯ ಮರಿಗಳಲ್ಲಿ ಕಪ್ಪು ಕಂಡಿತು. ಆಮೇಲೆ ಇನ್ನೊಂದರಲ್ಲಿ. ಅಂಜಿನಮ್ಮ ಯಾರಿಗೂ ಹೇಳದೆ ಅವನ್ನು ತೆಗೆದು ಬೂದಿಗುಂಡಿಗೆ ಹಾಕಿದಳು. ಸತ್ತವೇ ಎಂದು ಮಾವ ಕೇಳಿದರೆ, ಹೂಂ, ಚಳಿಗೆ ಎನ್ನುತ್ತಿದ್ದಳು. ಕೊನೆಗೆ ಉಳಿದದ್ದು ಹರಕಲು ಬಾಲದ ಹಳೆಯ ಹೆಣ್ಣಿನ ಮರಿಗಳು. ಆ ಹೆಣ್ಣು ವೆಂಕಟಸ್ವಾಮಿಯ ಕೈಯಲ್ಲಿ ಎಷ್ಟೋ ಸೂಲು ಹಾಕಿದ್ದು. ಅದರ ಮರಿಗಳಲ್ಲಿ ಒಂದಕ್ಕೂ ಚುಕ್ಕೆಯಿರಲಿಲ್ಲ. ಅಚ್ಚ ಕೆಂಪು. ಅವಳು ದಿನವೂ ಬೆಳಗಿನ ಬಿಸಿಲು ಗಾಜಿಗೆ ಬೀಳುವ ಹೊತ್ತಿಗೆ ಹೋಗಿ ಕೂರುತ್ತಿದ್ದಳು. ಇದೊಂದು ಪೆಟ್ಟಿಗೆ ನಿಂತರೆ ತಳಿ ಉಳಿಯುತ್ತದೆ, ತಳಿ ಉಳಿದರೆ ತಾನು ಇಲ್ಲಿರುತ್ತೇನೆ. ಇಲ್ಲವಾದರೆ ಅಬ್ಬಿಗೆರೆ.

ಅವು ಬೆಳೆದವು. ಮಾಘದ ಹೊತ್ತಿಗೆ ಗಾಜಿನ ಈ ಕೊನೆಯಿಂದ ಆ ಕೊನೆಗೆ ಒಂದೇ ನೆಗೆತಕ್ಕೆ ಹೋಗುವಷ್ಟು ಬೆಳೆದವು. ಪಿಳ್ಳಪ್ಪ ಪೆಟ್ಟಿಗೆಗೆ ಮುಖ ಒತ್ತಿಕೊಂಡು, ಕೆಂಪಗೆ ಏನೋ ಸುಳಿದಾಡುವುದಷ್ಟನ್ನೇ ಕಂಡು ಹಿಗ್ಗಿದ. ಬೈರಮ್ಮ ಮಗ ಸತ್ತ ಮೇಲೆ ಮೊದಲ ಸಲ ಹಿತ್ತಲಿಗೆ ಬಂದು ನಿಂತು ನೋಡಿದಳು. ಆ ದಿನ ರಾತ್ರಿ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು. ಎಲ್ಲರೂ ಹೊಗಳಿದ್ದು ಆ ಗಾತ್ರವನ್ನೇ. ಅಂಜಿನಮ್ಮ ಹೆದರಿದ್ದೂ ಅದನ್ನು ನೋಡಿಯೇ. ಕತ್ತಿಬಾಲದ ಮರಿ ಈ ವಯಸ್ಸಿಗೆ ಇಷ್ಟು ದಪ್ಪವಾಗುವುದಿಲ್ಲ. ಗಂಡುಗಳಿಗೆ ಕತ್ತಿ ಮೂಡಿತು. ಮೂಡಿದ್ದು ಅಲ್ಲಿಗೇ ನಿಂತಿತು, ಕಡಿದ ಕಡ್ಡಿಯಂತೆ ಮೋಟಾಗಿ. ಚಂದ್ರನ ಗುರುತು ಮಾತ್ರ ಮೇಲಕ್ಕೆ ಬಂದಿರಲಿಲ್ಲ. ಅದು ಒಳಗೆ ಎಲ್ಲೋ ಇತ್ತು.

ಕತ್ತಿ ನಾಳೆ ಇನ್ನಷ್ಟು ಬೆಳೆದೀತೆಂದು ಅವಳು ನೋಡುತ್ತಿರುವಾಗಲೇ ಜಹೀರ್ ಬಂದ.

ಅವನು ಸೈಕಲ್ಲಿನ ಹಿಂದೆ ಬಾಯಿ ಕತ್ತರಿಸಿದ ಸೀಮೆಎಣ್ಣೆ ಡಬ್ಬಗಳನ್ನು ಕಟ್ಟಿಕೊಂಡು ಬಂದಿದ್ದ. ವೆಂಕಟಸ್ವಾಮಿ ಸತ್ತಾಗ ಊರಲ್ಲಿರಲಿಲ್ಲವೆಂದು ಬೈರಮ್ಮನ ಮುಂದೆ ತಲೆ ತಗ್ಗಿಸಿ ನಿಂತ. ಬೈರಮ್ಮ ಕಣ್ಣೊರೆಸಿಕೊಂಡು ಕಾಫಿ ಕಾಯಿಸಿದಳು. ನಾರಾಯಣಮ್ಮನೂ ಸಾಹೇಬರ ಸೈಕಲ್ಲು ಕಂಡು ಬೇಲಿ ದಾಟಿ ಬಂದಳು. ಪಿಳ್ಳಪ್ಪ ಗೋಡೆ ತಡವಿಕೊಂಡು ಅವನನ್ನು ಹಿತ್ತಲಿಗೆ ಕರೆದೊಯ್ದ.

ಜಹೀರ್ ಪೆಟ್ಟಿಗೆಯ ಮುಂದೆ ಕುಳಿತು ಬಹಳ ಹೊತ್ತು ನೋಡಿದ. "ಇಷ್ಟ್ ದೊಡ್ಡದು ನಾನ್ ನೋಡೇ ಇಲ್ಲ, ಪಿಳ್ಳಪ್ಪಣ್ಣ. ಜೋಡಿ ಎಲ್ಲಾ ನಂಗೇ. ಆಮೇಲೂ ನಂಗೇ ಕೊಡ್ಬೇಕು. ವೆಂಕಟಸ್ವಾಮಿ ಗಂಡು ತಗೊಂಡೋರು ಹೆಣ್ಣೆಲ್ಲಿ, ಹೆಣ್ಣೆಲ್ಲಿ ಅಂತ ವರ್ಷದಿಂದ ನನ್ ಪ್ರಾಣ ತಿಂತಿದಾರೆ."

ಬಾಗಿಲ ಹಿಂದೆ ನಿಂತಿದ್ದ ಅಂಜಿನಮ್ಮನಿಗೆ ಆಗ ಹೊಳೆಯಿತು. ಈ ಹೆಣ್ಣುಗಳು ಹೋಗಿ ಸೇರುವುದು ಆ ಗಂಡುಗಳನ್ನೇ. ಅವಳ ಗಂಡ ಸಾಕಿ ಕೊಟ್ಟ ಒಂದೊಂದು ಗಂಡಿನ ತೊಟ್ಟಿಯಲ್ಲೂ ಬಾಲ ಕೊಳೆತ ಮರಿಗಳು ಹುಟ್ಟುತ್ತವೆ. ವೆಂಕಟಸ್ವಾಮಿ ಮಾಡಿದ ತಳಿಯೆಂದೇ ಹುಟ್ಟುತ್ತವೆ. ಜಹೀರ್ ಬಲೆ ಕೇಳಿದ. ಪಿಳ್ಳಪ್ಪ ಸೊಸೆಯನ್ನು ಕೂಗಿದ. ಅವಳು ಹೊರಗೆ ಬಂದಳು. ಕೈಯಲ್ಲಿ ಬಲೆ ಇರಲಿಲ್ಲ.

"ಇವನ್ನ ಕೊಡಕ್ಕಾಗಲ್ಲ," ಎಂದಳು.

ಪಿಳ್ಳಪ್ಪನಿಗೆ ಅರ್ಥವಾಗಲಿಲ್ಲ. ಬೈರಮ್ಮ ಕಾಫಿಯ ಲೋಟ ಹಿಡಿದು ನಡುದಾರಿಯಲ್ಲೇ ನಿಂತಳು.

"ಇವು ಕತ್ತಿಬಾಲ ಅಲ್ಲ, ಮಾವ. ಬೆರಕೆ. ಆವತ್ತು ತೊಟ್ಟಿ ಬಿಟ್ಟಾಗ ಎಲ್ಲಾ ಒಂದೇ ಅಂಡೇಲಿದ್ವು. ಒಂದ್ ಎಣ್ಣೂ ಉಳ್ದಿಲ್ಲ."

ಜಹೀರ್ ಎದ್ದು ಬಂದು, ಮುದುಕನಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ. "ನೋಡು ತಂಗಿ, ನಂಗೂ ಕಣ್ಣಿದೆ. ಕತ್ತಿ ಮೋಟು ಅಂತ ಬಂದ ತಕ್ಷಣ ನೋಡ್ದೆ. ಗಿರಾಕಿಗೆ ಬೇಕಿರೋದು ಕೆಂಪು, ದಪ್ಪ. ಎರಡೂ ಇದೆ. ಯಾರೂ ಕೇಳಲ್ಲ. ನೀನೂ ಹೇಳಕ್ಕೆ ಹೋಗ್ಬೇಡ. ನಿನ್ ಒಳ್ಳೇದಕ್ಕೇ ಹೇಳ್ತಿದೀನಿ."

"ಮುಂದಿನ್ ಸೂಲು ಕೊಳೀತದಲ್ಲ."

"ಅದು ನಮ್ಮ ಅಂಗಡೀಲಿ ಆಗಲ್ಲ."

"ಎಲ್ಲಾದ್ರೂ ಆಯ್ತದೆ."

ಜಹೀರ್ ಮತ್ತೆ ಒತ್ತಾಯಿಸಲಿಲ್ಲ. ಅವನು ಕೆಟ್ಟವನಲ್ಲ. ಟೋಪಿ ತೆಗೆದು ತಲೆ ಕೆರೆದುಕೊಂಡು, ಖಾಲಿ ಡಬ್ಬಗಳ ಕಡೆಗೆ ನಡೆದ.

ಅಷ್ಟು ಹೊತ್ತಿಗೆ ನಾರಾಯಣಮ್ಮನಿಗೆ ಮಾತಿನ ತಲೆಬುಡ ಹತ್ತಿತ್ತು. ಅವಳ ಮುಖ ಕಪ್ಪಿಟ್ಟಿತು. "ಅಂಗಾದ್ರೆ ನಾನ್ ಆಳ್ ಮಾಡಿದ್ನಾ? ನೀನೇ ಏಳು ಬೈರಕ್ಕ, ಸತ್ ಮನೇಲಿ ನಿಂತ್ ನೀರ್ ಮಡಿಕ್ಕಂತಾರಾ? ನನ್ ಮಗನ್ನೂ ಇಂಗೇ ಎತ್ತಿದ್ ದಿನ ನೀನ್ ಬಂದು ನನ್ ಮನೆ ನೀರ್ ಚೆಲ್ಲಿರ್ಲಿಲ್ವಾ?" ಎಂದಳು. ನಿನ್ನ ತಪ್ಪೆಂದು ಯಾರೂ ಅನ್ನಲಿಲ್ಲವೆಂದು ಅಂಜಿನಮ್ಮ ಹೇಳಬೇಕೆಂದುಕೊಂಡಳು. ಹೇಳುವಷ್ಟರಲ್ಲಿ ನಾರಾಯಣಮ್ಮ ಬೇಲಿ ದಾಟಿ ಹೋಗಿಯಾಗಿತ್ತು.

ಬೈರಮ್ಮ ಕಾಫಿಯ ಲೋಟವನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟಳು. "ಆವತ್ತೇ ಯಾಕ್ ಬಾಯ್ ಬಿಡ್ನಿಲ್ಲ ನೀನು?"

ಅಂಜಿನಮ್ಮ ಲೋಟವನ್ನು ನೀರಿನಿಂದ ದೂರ ಸರಿಸಿದಳು.

"ಒಂದ್ ಮಾತು ಅಂದಿದ್ರೆ ನಿಲ್ಲಿಸ್ತಿದ್ರು. ಆವತ್ತು ಸು‍ಮ್ನಿದ್ದೋಳು, ಇವತ್ತೂ ಸುಮ್ನಿರ್ಬೇಕಿತ್ತು." ಬೈರಮ್ಮ ಇದನ್ನು ಕೂಗಿ ಹೇಳಲಿಲ್ಲ. ಸುಸ್ತಾದವಳಂತೆ ಹೇಳಿ ಒಳಗೆ ಹೋದಳು.

ಪಿಳ್ಳಪ್ಪ ಮಾತ್ರ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದ. ಒಂದನ್ನು ಹಿಡಿದು ಕೊಡು ಎಂದ. ಅವಳು ಹಿಡಿದು ಅವನ ಒದ್ದೆ ಅಂಗೈಯಲ್ಲಿಟ್ಟಳು. ಅವನು ಹೆಬ್ಬೆರಳಿನಿಂದ ಮೀನಿನ ಬೆನ್ನು, ಹೊಟ್ಟೆ, ಬಾಲ ಸವರಿದ. ಕತ್ತಿಯ ತುದಿ ಬೆರಳಿಗೆ ಸಿಕ್ಕಿತು. ಅಲ್ಲಿ ಬೆರಳು ನಿಂತಿತು. ಮೀನನ್ನು ಅವನು ನೀರಿಗೆ ಬಿಡಲು ಹೇಳಲಿಲ್ಲ.

"ಎಲ್ಲಾನೂ ಇಂಗೇಯಾ?"

"ಎಲ್ಲಾ, ಮಾವ."

"ಅರಕಲು ಬಾಲದ್ದು?"

"ಅದ್ರವೇ ಇವು."

"ತೆಗ್ದಾಕು," ಎಂದ ಅವನು.

ಮಧ್ಯಾಹ್ನ ಎಲ್ಲರೂ ಒಳಗಿದ್ದಾಗ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಗೋಣಿ ಹಾಸಿದಳು. ಮೊದಲು ಗಾಜಿನ ಪೆಟ್ಟಿಗೆಯವು, ಆಮೇಲೆ ಎರಡೂ ತೊಟ್ಟಿಗಳವು. ಚಂದ್ರಮೀನಿನ ಹೆಣ್ಣುಗಳೂ ಹಂಡೆಯಲ್ಲಿದ್ದವೇ. ಅವುಗಳನ್ನೂ ಉಳಿಸುವಂತಿರಲಿಲ್ಲ. ಅವಳ ಕೈ ತಾನಾಗಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಲೆ ಬದಲಿಸಿತು. ಬದಲಿಸಿದ ಮೇಲೆ ಅದು ಅವಳ ಗಮನಕ್ಕೆ ಬಂತು. ಆದರೂ ಹಳೆಯ ಬಲೆಯನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಬಿಸಿಲಿಗೆ ಗೋಣಿಯ ಮೇಲೆ ಅವು ಮೊದಮೊದಲು ಬಹಳ ಎತ್ತರಕ್ಕೆ ನೆಗೆದವು. ಒಂದು ನೆಗೆದು ಅವಳ ಪಾದದ ಮೇಲೆ ಬಿತ್ತು. ಹರಕಲು ಬಾಲದ ಹಳೆಯ ಹೆಣ್ಣನ್ನು ಕೊನೆಗೆ ತೆಗೆದಳು. ಅದರ ಹೊಟ್ಟೆ ಮತ್ತೆ ತುಂಬಿತ್ತು. ಅದು ನೆಗೆಯಲಿಲ್ಲ. ಕಿವಿರು ಮೇಲೆ ಕೆಳಗೆ ಆಡಿಸುತ್ತ ಬಿದ್ದುಕೊಂಡಿತ್ತು. ಬೇಲಿಯಾಚೆ ನಾರಾಯಣಮ್ಮನ ಕೋಳಿಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದವು. ಅವು ಹತ್ತಿರ ಬಾರದಂತೆ ಅವಳು ಕೊನೆಯವರೆಗೂ ಅಲ್ಲೇ ಕುಳಿತಳು. ಆಮೇಲೆ ಬಾಳೆಯ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದಳು.

ಬೈರಮ್ಮನೇ ಅಬ್ಬಿಗೆರೆಗೆ ಹೇಳಿ ಕಳುಹಿಸಿದಳು. ಶಿವರಾತ್ರಿ ಮುಗಿದ ಕೂಡಲೇ ಗಾಡಿ ತರುತ್ತೇನೆಂದು ಮುನಿಶಾಮಿಯಿಂದ ಉತ್ತರ ಬಂತು. ಹೆಂಡತಿಗೆ ಹೆರಿಗೆಯಾಗಿದೆ, ಈ ಸಲವೂ ಗಂಡು, ಅಂಜಿನಿ ಬಂದರೆ ಅನುಕೂಲವಾಗುತ್ತದೆ ಎಂದನಂತೆ. ನಾರಾಯಣಮ್ಮ ಆ ದಿನದಿಂದ ಇವರ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಬಾವಿಯ ಹತ್ತಿರ ಎದುರಾದರೆ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಖ ತಿರುಗಿಸುತ್ತಿದ್ದಳು. ಅತ್ತೆಸೊಸೆಯರು ಬೇಕಾದಷ್ಟೇ ಮಾತಾಡುತ್ತಿದ್ದರು. ಹಿತ್ತಲಿಗೆ ಯಾರೂ ಹೋಗುತ್ತಿರಲಿಲ್ಲ. ತೊಟ್ಟಿಗಳ ನೀರು ಬಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವಳು ಎರಡು ಸೀರೆ ಗಂಟು ಕಟ್ಟಿ ಜಗಲಿಯ ಮೇಲಿಟ್ಟಳು. ಅತ್ತೆಯ ಕಾಲಿಗೆ ಬಿದ್ದಳು. ಬೈರಮ್ಮ ಅವಳ ತಲೆಯ ಮೇಲೆ ಕೈಯಿಟ್ಟು, ಏನೋ ಹೇಳಲು ಹೋಗಿ, ಒಲೆಯ ಮೇಲೆ ಎಸರು ಉಕ್ಕುತ್ತಿದೆಯೆಂದು ಒಳಗೆ ಹೋದಳು. ಮಾವ ಜಗಲಿಯಲ್ಲಿರಲಿಲ್ಲ. ಹಿತ್ತಲಿನಿಂದ ಅವನು ಕೂಗಿದ್ದು ಕೇಳಿಸಿತು.

ಪಿಳ್ಳಪ್ಪ ಮೊದಲನೆಯ ತೊಟ್ಟಿಯ ಕಟ್ಟೆಯ ಮೇಲೆ ಬಗ್ಗಿ, ಮೂಗು ನೀರಿಗೆ ತಾಗುವಷ್ಟು ಹತ್ತಿರ ಮುಖ ತಂದಿದ್ದ. ಎರಡು ಕೈಗಳಿಂದಲೂ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಬಾ ಇಲ್ಲಿ, ಅಂಜಿನಿ. ಸಣ್ಣವು ಏನೋ ಓಡಾಡ್ದಂಗೈತೆ. ನಂಗ್ ಸರ್ಯಾಗ್ ಕಾಣ್ಸಲ್ಲ. ಶಾನೆ ಅವೆ ಕಣಮ್ಮ." ಅವನು ದನಿ ತಗ್ಗಿಸಿದ. "ಮರಿಗಳಾ?"

ಅವಳು ಹತ್ತಿರ ಹೋಗಿ ನೋಡಿದಳು. ನೀರಿನ ತುಂಬ ಸೊಳ್ಳೆಯ ಹುಳುಗಳು. ಮೇಲ್ಮೈಗೆ ಬಾಲ ತಾಗಿಸಿ ತಲೆಕೆಳಗಾಗಿ ತೂಗುಬಿದ್ದು, ಮೈ ಕೊಂಕಿಸಿ ಕೊಂಕಿಸಿ ಆಡುತ್ತಿದ್ದವು. ಇಷ್ಟು ವರ್ಷದಲ್ಲಿ ಆ ನೀರಿನಲ್ಲಿ ಒಂದನ್ನೂ ಅವಳು ಕಂಡಿರಲಿಲ್ಲ, ಮೀನುಗಳು ಉಳಿಯಗೊಟ್ಟಿರಲಿಲ್ಲ. ಇನ್ನೂ ಬಗ್ಗಿದಳು. ಅವಳ ನೆರಳು ಬಿದ್ದದ್ದೇ ಅವೆಲ್ಲ ಒಟ್ಟಿಗೆ ತಳಕ್ಕೆ ಇಳಿದುಹೋದವು. ನೀರು ಅಲುಗದೆ ನಿಂತಿತು. ಮಾವ ಮುಖವೆತ್ತಿ, ಅವಳ ಉತ್ತರಕ್ಕಾಗಿ ಅವಳು ನಿಂತ ಕಡೆಗೆ ತಿರುಗಿದ್ದ.